ಸಸ್ಯವೈದ್ಯ ಡಾ. ಕೋಲ್ಮನ್

ಭದ್ರಾ ನದಿ ಹುಟ್ಟುವುದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ. ಅಲ್ಲಿಂದ ಇಳಿದು, ಕಳಸೇಶ್ವರನ ನೆಲೆಯಾದ ಕಳಸವನ್ನು ಬಳಸಿಕೊಂಡು, ಬಾಳೆಹೊನ್ನೂರಿನತ್ತ ಸಾಗುತ್ತದೆ. ಈ ದಾರಿಯ ಇಕ್ಕೆಲಗಳಲ್ಲಿಯೂ ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳೆಗಳು ಎರಡು: ಕಣಿವೆಯ ತಂಪಿನಲ್ಲಿ ಅಡಿಕೆ, ಇಳಿಜಾರಿನ ಹೆಮ್ಮರಗಳ ನೆರಳಿನಲ್ಲಿ ಕಾಫಿ. ಜೂನ್ ತಿಂಗಳಲ್ಲಿ ಮುಂಗಾರು ಇಳಿಯಿತೆಂದರೆ ಇಲ್ಲಿ ಹಗಲೂ ಇರುಳೂ ಒಂದೇ ಸಮನೆ ಮಳೆ. ಬೆಟ್ಟಗಳು ಮಂಜಿನಲ್ಲಿ ಮುಳುಗಿ, ಸೂರ್ಯನ ಮುಖ ಕಾಣುವುದೇ ಅಪರೂಪವಾಗುತ್ತದೆ. ನೋಡುವವರಿಗೆ ಅದು ಸೊಬಗಿನ ಕಾಲ. ತೋಟವನ್ನೇ ನಂಬಿ ಬಾಳುವವರಿಗೆ ಮಾತ್ರ ಆತಂಕದ ಕಾಲ. ಅಡಿಕೆಯ ಗೊನೆಗಳಿಂದ ಎಳೆಯ ಕಾಯಿಗಳು ಕೊಳೆತು ಉದುರತೊಡಗುವುದು ಆಗಲೇ. ಮಳೆ ಹಿಂಜರಿಯುವ ಹೊತ್ತಿಗೆ ಕಾಫಿಯ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಹುಡಿ ಕಾಣಿಸಿಕೊಳ್ಳುತ್ತದೆ. ಮೊದಲನೆಯದು ಕೊಳೆರೋಗ, ಎರಡನೆಯದು ಎಲೆತುಕ್ಕು. ಈ ಎರಡು ರೋಗಗಳ ಬೆನ್ನು ಹತ್ತಿ ಮಲೆನಾಡನ್ನು ಸುತ್ತಿದ ವಿದೇಶೀಯ ವಿಜ್ಞಾನಿಯೊಬ್ಬರು ಕನ್ನಡ ನಾಡಿನ ಕೃಷಿಯ ಇತಿಹಾಸದಲ್ಲಿ ಸ್ಥಿರವಾದ ಸ್ಥಾನವನ್ನು ಪಡೆದಿದ್ದಾರೆ. ಅವರೇ ಡಾ. ಲೆಸ್ಲಿ ಚಾರ್ಲ್ಸ್ ಕೋಲ್ಮನ್.

ಕೋಲ್ಮನ್ನರು ಜನಿಸಿದ್ದು 1878ರಲ್ಲಿ, ಕೆನಡಾ ದೇಶದ ಆಂಟೇರಿಯೊ ಪ್ರಾಂತದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಪದವಿ ಪಡೆದು, ಹೆಚ್ಚಿನ ವ್ಯಾಸಂಗಕ್ಕಾಗಿ ಜರ್ಮನಿಯ ಗಟಿಂಗೆನ್ ನಗರಕ್ಕೆ ತೆರಳಿದರು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಸಾರಜನಕದ ಸಂಯುಕ್ತಗಳನ್ನು ಸಸ್ಯಗಳು ಹೀರಬಲ್ಲ ನೈಟ್ರೇಟುಗಳಾಗಿ ಮಾರ್ಪಡಿಸುವ ಬಗೆಯನ್ನು ಅಭ್ಯಸಿಸಿ ಡಾಕ್ಟರೇಟ್ ಗಳಿಸಿದರು. ಕಣ್ಣಿಗೆ ಕಾಣದ ಜೀವಿಗಳಿಗೂ ಹಸುರು ಸಸ್ಯಗಳಿಗೂ ಇರುವ ಸಂಬಂಧವೇ ಮುಂದೆ ಅವರ ಬಾಳಿನ ಉದ್ಯೋಗವಾಯಿತು. 1908ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರವು ಅವರನ್ನು ಶಿಲೀಂಧ್ರಗಳ ಮತ್ತು ಕೀಟಗಳ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತರ ಹರೆಯ.

ಸಂಸ್ಥಾನಕ್ಕೆ ಬಂದೊಡನೆ ಅವರ ಮುಂದೆ ನಿಂತ ಪ್ರಶ್ನೆ ಕೊಳೆರೋಗ. ಮಲೆನಾಡಿನ ಅಡಿಕೆಯ ಬೆಳೆಗಾರನಿಗೆ ಇದು ಹೊಸ ಶತ್ರುವಲ್ಲ. ರೋಗ ತಗುಲಿದ ಕಾಯಿಯ ಮೇಲೆ ಮೊದಲು ನೀರು ನೆನೆದಂತಹ ಕಲೆಯೊಂದು ಮೂಡುತ್ತದೆ. ಕೆಲವೇ ದಿನಗಳಲ್ಲಿ ಕಾಯಿ ಕಡುಹಸುರಾಗಿ, ಹೊಳಪು ಕಳೆದುಕೊಂಡು, ಬಿಳಿಯ ಬೂಷ್ಟನ್ನು ಹೊದ್ದು ನೆಲಕ್ಕೆ ಬೀಳುತ್ತದೆ. ವರ್ಷವಿಡೀ ಕಾದ ಫಸಲು ಮರದ ಬುಡದಲ್ಲಿ ಕೊಳೆಯುವುದನ್ನು ನೋಡುತ್ತ ನಿಲ್ಲುವ ಕುಟುಂಬದ ಸಂಕಟವನ್ನು ಊಹಿಸಬಹುದು. ರೋಗ ಸುಳಿಯತ್ತ ಹಬ್ಬಿದರೆ ಮರವೇ ಸಾಯುವುದೂ ಉಂಟು. ಹಾಗೆ ಸತ್ತ ಮರದ ಜಾಗದಲ್ಲಿ ನೆಟ್ಟ ಸಸಿ ಫಲ ಕೊಡಲು ಹಲವು ವರ್ಷಗಳೇ ಬೇಕು.

ರೈತರು ಕೈಕಟ್ಟಿ ಕುಳಿತಿರಲಿಲ್ಲ. ಮಳೆಗಾಲಕ್ಕೆ ಮುನ್ನ ಪ್ರತಿಯೊಂದು ಮರವನ್ನೂ ಏರಿ, ಪ್ರತಿಯೊಂದು ಗೊನೆಗೂ ಹಾಳೆಯ ಅಥವಾ ಹುಲ್ಲಿನ ಕೊಟ್ಟೆಯನ್ನು ಕಟ್ಟುವ ಪದ್ಧತಿಯೊಂದು ಹಿಂದಿನಿಂದ ನಡೆದುಬಂದಿತ್ತು. ಗೊನೆಯು ಒದ್ದೆಯಾಗದಿದ್ದರೆ ರೋಗ ಬಾರದು ಎಂಬ ಸತ್ಯವನ್ನು ಸೂಕ್ಷ್ಮದರ್ಶಕದ ನೆರವಿಲ್ಲದೆಯೇ ಅವರು ಕಂಡುಕೊಂಡಿದ್ದರು. ಇದು ಸಾಮಾನ್ಯವಾದ ತಿಳಿವಳಿಕೆಯಲ್ಲ. ಆದರೆ ಕೊಟ್ಟೆ ಕಟ್ಟುವುದು ಬಹಳ ಶ್ರಮದ, ಬಹಳ ವೆಚ್ಚದ ಕೆಲಸ. ದೊಡ್ಡ ತೋಟದ ಎಲ್ಲ ಮರಗಳಿಗೂ ಸಕಾಲದಲ್ಲಿ ಕೊಟ್ಟೆ ಕಟ್ಟಿ ಮುಗಿಸುವುದು ದುಸ್ತರವಾಗಿತ್ತು.

ಕೋಲ್ಮನ್ನರು ರೋಗದ ಕಾಯಿಗಳನ್ನು ತಂದು ಪರೀಕ್ಷಿಸಿದರು. ಅದರೊಳಗಿನ ಜೀವಿಯು ಫೈಟಾಫ್ತರ ಎಂಬ ಗುಂಪಿಗೆ ಸೇರಿದುದೆಂದು ಗುರುತಿಸಿದರು. ಗ್ರೀಕ್ ಭಾಷೆಯಲ್ಲಿ ಈ ಹೆಸರಿಗೆ ಸಸ್ಯನಾಶಕ ಎಂದೇ ಅರ್ಥ. 1845ರ ಸುಮಾರಿಗೆ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯನ್ನು ನಾಶಮಾಡಿ ಲಕ್ಷಾಂತರ ಜನರನ್ನು ಹಸಿವಿಗೆ ನೂಕಿದುದು ಇದೇ ಗುಂಪಿನ ಇನ್ನೊಂದು ಜೀವಿ. ಇವುಗಳನ್ನು ಬಹುಕಾಲ ಶಿಲೀಂಧ್ರಗಳೆಂದೇ ಕರೆಯುತ್ತಿದ್ದರು. ಪಾಚಿಗಳ ದೂರದ ನಂಟರೆಂದು ತಿಳಿದುಬಂದುದು ಈಚೆಗೆ. ಇವುಗಳ ಬೀಜಾಣುಗಳಿಗೆ ಚಾವಟಿಯಂತಹ ಬಾಲಗಳುಂಟು. ಕಾಯಿಯ ಮೇಲೆ ನಿಂತ ನೀರಿನ ತೆಳುವಾದ ಪದರದಲ್ಲಿ ಅವು ಈಜಾಡಿ, ಒಳಹೊಗಲು ತಕ್ಕ ತಾಣವನ್ನು ಹಿಡಿಯುತ್ತವೆ. ಬಿಡುವಿಲ್ಲದ ಮಳೆಯೇ ಕೊಳೆರೋಗಕ್ಕೆ ಏಕೆ ಹಬ್ಬವಾಯಿತು, ಕೊಟ್ಟೆಯು ಏಕೆ ಕಾಯುತ್ತಿತ್ತು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಔಷಧಿಯು ಆ ವೇಳೆಗಾಗಲೇ ಬೇರೊಂದು ದೇಶದಲ್ಲಿ ಸಿದ್ಧವಾಗಿತ್ತು. 1885ರಲ್ಲಿ ಫ್ರಾನ್ಸಿನ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ನೀರು ದ್ರಾಕ್ಷಿಯ ಬಳ್ಳಿಯನ್ನು ಬೂಷ್ಟುರೋಗದಿಂದ ಕಾಪಾಡುವುದನ್ನು ಪ್ರಕಟಿಸಿದ್ದರು. ಬೋರ್ಡೋ ನಗರದ ಸೀಮೆಯಲ್ಲಿ ಹುಟ್ಟಿದ ಕಾರಣ ಅದಕ್ಕೆ ಬೋರ್ಡೋ ದ್ರಾವಣ ಎಂಬ ಹೆಸರಾಯಿತು. ಅದರಲ್ಲಿರುವ ತಾಮ್ರದ ಕಣಗಳು ಈಜಿ ಬಂದ ಬೀಜಾಣುವಿನ ಒಳಗಿಳಿದು, ಅದರ ಕಿಣ್ವಗಳಿಗೆ ಅಂಟಿಕೊಂಡು, ಜೀವಕ್ರಿಯೆಯನ್ನು ನಿಲ್ಲಿಸಿಬಿಡುತ್ತವೆ. ಆದರೆ ಫ್ರಾನ್ಸಿನ ತುಂತುರು ಮಳೆಗೂ ಮಲೆನಾಡಿನ ಮುಂಗಾರಿಗೂ ಹೋಲಿಕೆಯೆಲ್ಲಿ? ಕಾಯಿಗೆ ಸಿಂಪಡಿಸಿದ ಔಷಧಿ ತೊಳೆದುಹೋದರೆ ಪ್ರಯೋಜನವಿಲ್ಲ. ಕೋಲ್ಮನ್ನರು ದ್ರಾವಣಕ್ಕೆ ರಾಳದಿಂದ ತಯಾರಿಸಿದ ಅಂಟನ್ನು ಬೆರೆಸುವ ವಿಧಾನವನ್ನು ರೂಢಿಗೆ ತಂದರು. 1910ರಲ್ಲಿ ಕೊಳೆರೋಗವನ್ನು ಕುರಿತ ಅವರ ಗ್ರಂಥರೂಪದ ವರದಿ ಹೊರಬಿತ್ತು. ಮಳೆಗೆ ಮುನ್ನ ಒಮ್ಮೆ, ನಡುವೆ ಬಿಡುವು ದೊರೆತಾಗ ಮತ್ತೊಮ್ಮೆ ಗೊನೆಗಳಿಗೆ ದ್ರಾವಣ ಹೊಡೆಯುವ ಪದ್ಧತಿ ಕ್ರಮೇಣ ಮಲೆನಾಡಿನಲ್ಲೆಲ್ಲ ಹರಡಿತು. ನೂರು ಲೀಟರು ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ ಎಂಬ ಲೆಕ್ಕ ಇಂದು ಕಳಸದ ಕಡೆಯ ಅಡಿಕೆ ಬೆಳೆಯುವ ಮನೆಗಳ ಮಕ್ಕಳಿಗೂ ಬಾಯಿಪಾಠ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಬೋರ್ಡೋ ದ್ರಾವಣವು ಮನೆಯ ಹೊರಗೆ ನಿಂತ ಕಾವಲುಗಾರನಿದ್ದಂತೆ. ಕಳ್ಳನು ಒಳಹೊಕ್ಕ ಮೇಲೆ ಅವನಿಂದ ಆಗುವುದು ಸ್ವಲ್ಪವೇ. ಹಾಗಾದರೆ ಮನೆಯೊಳಗೆ ಯಾರೂ ಇಲ್ಲವೆ? ಇದ್ದಾರೆ. ಓಡಿಹೋಗಲಾರದ, ಕೂಗಲಾರದ ಸಸ್ಯವು ತನ್ನ ರಕ್ಷಣೆಗಾಗಿ ರಾಸಾಯನಿಕ ವಸ್ತುಗಳನ್ನು ತನ್ನೊಳಗೇ ತಯಾರಿಸಿಕೊಳ್ಳುತ್ತದೆ. ಎಳೆಯ ಅಡಿಕೆಯನ್ನು ಅಗಿದಾಗ ನಾಲಿಗೆಗೆ ತಟ್ಟುವ ಚೊಗರು ಅಂತಹುದೇ ಒಂದು ವಸ್ತು. ಅಡಿಕೆಯನ್ನು ಬೇಯಿಸಿ, ಆ ಚೊಗರನ್ನೇ ಬಣ್ಣವಾಗಿ ಬಳಸಿ ಮಲೆನಾಡಿನವರು ಕೆಂಪಡಿಕೆಯನ್ನು ಮಾಡುತ್ತಾರೆ. ಕಾಫಿಯ ಕಹಿಗೆ ಕಾರಣವಾದ ವಸ್ತುಗಳಲ್ಲಿ ಒಂದಾದ ಕೆಫೀನು ಕೀಟಗಳಿಗೆ ವಿಷ. ಮನುಷ್ಯನ ನಾಲಿಗೆಗೆ ರುಚಿಯಾಗಲೆಂದು ಗಿಡ ಇವುಗಳನ್ನು ಮಾಡಿದ್ದಲ್ಲ. ಸಸ್ಯಗಳ ಈ ಒಳಗಿನ ಕಾವಲಿನ ವಿವರಗಳು ಕೋಲ್ಮನ್ನರ ಕಾಲದಲ್ಲಿ ಬಹುಮಟ್ಟಿಗೆ ಅಜ್ಞಾತವಾಗಿದ್ದವು. ಆದರೂ ಅವರ ಕೆಲಸ ಹೊರಗಿನ ಕಾವಲಿನಿಂದ ಒಳಗಿನ ಕಾವಲಿನತ್ತ ಸರಿದ ಬಗೆ ಕುತೂಹಲಕರವಾದುದು.

ಅದಕ್ಕೆ ಮುನ್ನ ಗಂಧದ ಮರದ ಪ್ರಸಂಗವನ್ನು ಹೇಳಬೇಕು. ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಗಂಧ ದೊಡ್ಡ ಆದಾಯವಾಗಿತ್ತು. ಆ ಮರಗಳಿಗೆ ಸ್ಪೈಕ್ ಎಂಬ ವಿಚಿತ್ರ ವ್ಯಾಧಿ ತಗುಲಿತ್ತು. ಎಲೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಮುಳ್ಳಿನಂತೆ ನಿಮಿರಿ, ಎಲೆಗಳಲ್ಲಿ ಪಿಷ್ಟ ತುಂಬಿಕೊಂಡು, ಬೇರು ಉಪವಾಸ ಬಿದ್ದು, ಕೊನೆಗೆ ಮರವೇ ಒಣಗುತ್ತಿತ್ತು. ಇದು ಯಾವ ಜೀವಿಯಿಂದಲೂ ಬಂದ ರೋಗವಲ್ಲ. ನೆಲ, ನೀರು, ಬಿಸಿಲುಗಳ ಏರುಪೇರಿನಿಂದ ಮರದ ರಸಸಂಚಾರ ಕೆಟ್ಟು ಉಂಟಾದ ವಿಕಾರ ಎಂದು ಕೆಲವು ತಜ್ಞರು ವಾದಿಸಿದರು. ಆ ವಾದ ನಿರಾಧಾರವೆಂದು ತಳ್ಳಿಹಾಕುವಂತಹುದಲ್ಲ. ಬರಗಾಲವೂ ಕೆಟ್ಟ ಗಾಳಿಯೂ ಗಿಡದಲ್ಲಿ ರೋಗದಂತಹ ಚಿಹ್ನೆಗಳನ್ನೇ ತೋರಿಸಬಲ್ಲವು. ಕೋಲ್ಮನ್ನರು ವಾದಕ್ಕಿಂತ ಪ್ರಯೋಗವನ್ನು ನಂಬಿದರು. ರೋಗದ ಮರದ ಕೊಂಬೆಯನ್ನು ಆರೋಗ್ಯವಾಗಿರುವ ಮರಕ್ಕೆ ಕಸಿಮಾಡಿದಾಗ ಆ ಮರಕ್ಕೂ ವ್ಯಾಧಿ ಹಬ್ಬಿತು. ಅದು ಅಂಟುರೋಗವೆಂಬುದು ಹೀಗೆ ಸಿದ್ಧವಾಯಿತು. ರೋಗಕಾರಕವಾದ ಅತಿಸೂಕ್ಷ್ಮ ಜೀವಿಯನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡುದು 1969ರಲ್ಲಿ. ಅಷ್ಟರಲ್ಲಿ ಕೋಲ್ಮನ್ನರು ತೀರಿಕೊಂಡು ಹದಿನೈದು ವರ್ಷಗಳು ಕಳೆದಿದ್ದವು.

1913ರಲ್ಲಿ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕ ಪದವಿ ಅವರಿಗೆ ಲಭಿಸಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಹೊಸ ಸಂಸ್ಥೆಗಳು ಹುಟ್ಟುತ್ತಿದ್ದ ಕಾಲವದು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿಶಾಲೆ ಆರಂಭವಾಯಿತು. 1964ರಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯಕ್ಕೆ ಅದೇ ಬೇರು. ಮಂಡ್ಯದ ಸೀಮೆಗೆ ನಾಲೆಯ ನೀರು ಹರಿದಾಗ ಅಲ್ಲಿ ಕಬ್ಬಿನ ಬೇಸಾಯವನ್ನು ನೆಲೆಗೊಳಿಸುವುದರಲ್ಲಿಯೂ ಅವರ ಕೈವಾಡ ದೊಡ್ಡದು. ಜೋಳದ ಹೊಲಗಳನ್ನು ಹಾಳುಮಾಡುತ್ತಿದ್ದ ಮಿಡತೆಯೊಂದನ್ನು ಅವರು ಅಭ್ಯಸಿಸಿದುದರಿಂದ ಆ ಕೀಟದ ಕುಲಕ್ಕೆ ಕೋಲ್ಮೇನಿಯ ಎಂಬ ಹೆಸರೇ ಬಂದಿತು. ಬೆಳೆ ತಿನ್ನುವ ಮಿಡತೆಯ ಮೂಲಕ ಹೆಸರು ಉಳಿಯುವುದು ವಿಜ್ಞಾನಿಗೆ ಮಾತ್ರ ಸಲ್ಲುವ ಗೌರವ!

ಇನ್ನು ಕಾಫಿಯ ಕಥೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸಂತರು ಏಳು ಬೀಜಗಳನ್ನು ಅರಬ್ಬೀ ನಾಡಿನಿಂದ ಚಂದ್ರದ್ರೋಣ ಪರ್ವತಕ್ಕೆ ತಂದರೆಂಬುದು ಪ್ರತೀತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಗಳನ್ನು ಕಾಫಿ ಆವರಿಸಿತು. 1869ರಲ್ಲಿ ಸಿಂಹಳದ ತೋಟಗಳಲ್ಲಿ ಎಲೆತುಕ್ಕು ಕಾಣಿಸಿಕೊಂಡಿತು. ಮುಂದಿನ ಎರಡು ದಶಕಗಳಲ್ಲಿ ಆ ದ್ವೀಪದ ಕಾಫಿಯ ಬೇಸಾಯವೇ ಕುಸಿದು, ತೋಟಗಾರರು ಚಹದ ಕಡೆಗೆ ತಿರುಗಬೇಕಾಯಿತು. ಅದೇ ರೋಗ ಬಹುಬೇಗ ಮೈಸೂರು ಸೀಮೆಗೂ ದಾಟಿತು. ತುಕ್ಕು ತಿಂದ ಎಲೆ ಉದುರುತ್ತದೆ. ಎಲೆಯಿಲ್ಲದ ರೆಕ್ಕೆ ಒಣಗುತ್ತದೆ. ಮರುವರ್ಷದ ಫಸಲು ಆ ಒಣ ರೆಕ್ಕೆಯೊಡನೆಯೇ ಹೋಗುತ್ತದೆ. ಬೋರ್ಡೋ ದ್ರಾವಣ ಇಲ್ಲಿಯೂ ನೆರವಿಗೆ ಬಂದಿತು. ಆದರೆ ಅಡಿಕೆಯ ಗೊನೆಗೆ ಸಿಂಪಡಿಸಿದಂತೆ ಬೆಟ್ಟದ ಮೈತುಂಬ ಹರಡಿದ ಗಿಡಗಳ ಎಲ್ಲ ಎಲೆಗಳ ಅಡಿಭಾಗಕ್ಕೂ ಸಿಂಪಡಿಸುವುದು ಸುಲಭವೆ?

ಈ ನಡುವೆ ಆಶೆಯೊಂದು ಮೂಡಿತು. 1911ರಲ್ಲಿ ಮೈಸೂರು ಸಂಸ್ಥಾನದ ತೋಟವೊಂದರಲ್ಲಿ, ಸುತ್ತಲಿನ ಗಿಡಗಳು ತುಕ್ಕಿನಿಂದ ಬೋಳಾಗಿದ್ದಾಗ ಹಸುರಾಗಿ ನಿಂತಿದ್ದ ಗಿಡವನ್ನು ಕೆಂಟ್ ಎಂಬ ತೋಟಗಾರರು ಗುರುತಿಸಿದರು. ಅದರ ಬೀಜದಿಂದ ಬೆಳೆದ ತಳಿಗೆ ಕೆಂಟ್ಸ್ ಎಂದೇ ಹೆಸರಾಯಿತು. ಒಂದೇ ನೆಲ, ಒಂದೇ ಮಳೆ, ಒಂದೇ ಶತ್ರು. ಆದರೂ ಒಂದು ಗಿಡ ಸಾಯುತ್ತದೆ, ಇನ್ನೊಂದು ಬದುಕುತ್ತದೆ. ಇದರ ಗುಟ್ಟನ್ನು ಶೋಧಿಸಲು ತೋಟಗಳ ನಡುವೆಯೇ ಕುಳಿತು ಕೆಲಸ ಮಾಡುವ ಸಂಸ್ಥೆ ಬೇಕಾಗಿತ್ತು. 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕವಾದ ಸಂಶೋಧನಾ ಘಟಕವೊಂದು ಆರಂಭವಾಯಿತು. 1925ರಲ್ಲಿ ಕೋಲ್ಮನ್ನರ ಪ್ರಯತ್ನದಿಂದ ಬಾಳೆಹೊನ್ನೂರಿನ ಬಳಿ ಮೈಸೂರು ಕಾಫಿ ಪ್ರಯೋಗ ಕೇಂದ್ರ ತಲೆಯೆತ್ತಿತು. ಕಳಸದ ಮಣ್ಣನ್ನು ತೊಳೆದು ಬಂದ ಭದ್ರೆಯ ನೀರೇ ಆ ಸೀಮೆಯಲ್ಲಿಯೂ ಹರಿಯುತ್ತದೆ.

ಕೇಂದ್ರದಲ್ಲಿ ದೊರೆತ ಮೊದಲ ದೊಡ್ಡ ಉತ್ತರ ಸಂತೋಷದ್ದಾಗಿರಲಿಲ್ಲ. ತುಕ್ಕನ್ನು ಗೆದ್ದಿದ್ದ ಕೆಂಟ್ಸ್ ತಳಿಗೂ ತುಕ್ಕು ತಗುಲತೊಡಗಿತು. ಅಲ್ಲಿಯ ವಿಜ್ಞಾನಿ ವಿಲ್ಸನ್ ಮೇನ್ ಇದರ ಕಾರಣವನ್ನು ಬಯಲುಮಾಡಿ 1932ರಲ್ಲಿ ಪ್ರಕಟಿಸಿದರು. ತುಕ್ಕಿನ ಶಿಲೀಂಧ್ರ ನೋಡಲು ಒಂದೇ ಆದರೂ ಅದರಲ್ಲಿ ಬೇರೆ ಬೇರೆ ಪಂಗಡಗಳಿವೆ; ಒಂದು ಪಂಗಡವನ್ನು ತಡೆಯುವ ಗಿಡ ಮತ್ತೊಂದಕ್ಕೆ ಸೋಲಬಹುದು. ಜಗತ್ತಿನ ಕಾಫಿಯ ವಿಜ್ಞಾನದಲ್ಲಿ ಇದು ಮೂಲಭೂತವಾದ ಶೋಧ. ಇಂದು ಅಂತಹ 50ಕ್ಕೂ ಹೆಚ್ಚು ಪಂಗಡಗಳನ್ನು ಗುರುತಿಸಲಾಗಿದೆ.

ಎಲೆಯೊಳಗೆ ನಡೆಯುವುದಾದರೂ ಏನು? ಎಲೆಯ ಅಡಿಭಾಗದಲ್ಲಿ ಅಸಂಖ್ಯಾತ ಪತ್ರರಂಧ್ರಗಳಿವೆ. ಗಿಡವು ಉಸಿರಾಡುವುದೂ, ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡನ್ನು ಪಡೆಯುವುದೂ ಈ ಬಾಗಿಲುಗಳ ಮೂಲಕವೇ. ತುಕ್ಕಿನ ಬೀಜಾಣುವೂ ಎಲೆಯ ಮೇಲೆ ಮೊಳೆತು ಇದೇ ಬಾಗಿಲಿನಿಂದ ನುಸುಳಿ, ಜೀವಕೋಶಕ್ಕೆ ಹೀರುಗೊಳವೆಯನ್ನು ಚುಚ್ಚುತ್ತದೆ. ದುರ್ಬಲವಾದ ತಳಿಯ ಕೋಶ ಶತ್ರುವನ್ನು ಗುರುತಿಸುವುದಿಲ್ಲ. ಸದ್ದಿಲ್ಲದೆ ಆಹಾರ ಒದಗಿಸುತ್ತಲೇ ಇರುತ್ತದೆ. ನಿರೋಧಕ ತಳಿಯ ಕೋಶ ಹಾಗಲ್ಲ. ಆಗಂತುಕನ ಸುಳಿವು ಸಿಕ್ಕಿದೊಡನೆ ಅದು ಹೈಡ್ರೊಜನ್ ಪೆರಾಕ್ಸೈಡಿನಂತಹ ಉಗ್ರವಾದ ಆಮ್ಲಜನಕದ ರೂಪಗಳನ್ನು ಉತ್ಪಾದಿಸುತ್ತದೆ. ಕೋಶಭಿತ್ತಿ ದಪ್ಪವಾಗುತ್ತದೆ. ಫೀನಾಲು ಜಾತಿಯ ವಸ್ತುಗಳೂ, ಶಿಲೀಂಧ್ರದ ಮೈಯನ್ನೇ ಕರಗಿಸುವ ಕಿಣ್ವಗಳೂ ಸಂಗ್ರಹವಾಗುತ್ತವೆ. ಸ್ಯಾಲಿಸಿಲಿಕ್ ಆಮ್ಲ ಎಂಬ ದೂತನು ನೆರೆಯ ಕೋಶಗಳನ್ನು ಎಚ್ಚರಿಸುತ್ತಾನೆ. ಕೊನೆಗೆ ದಾಳಿಗೆ ಒಳಗಾದ ಕೋಶ ತಾನೇ ಸಾಯುತ್ತದೆ. ಜೀವಂತ ಕೋಶವನ್ನಲ್ಲದೆ ಬೇರೇನನ್ನೂ ತಿನ್ನಲಾರದ ತುಕ್ಕು, ಸತ್ತ ಕೋಶದ ನಡುವೆ ಹಸಿದು ಸಾಯುತ್ತದೆ. ಎಲೆಯ ಮೇಲೆ ಉಳಿಯುವುದು ಸೂಜಿಯ ಮೊನೆಯಷ್ಟು ಕಲೆ.

ಈ ಅಸ್ತ್ರಗಳನ್ನು ಗಿಡವು ರೋಗಕ್ಕೆ ಮಾತ್ರ ಬಳಸುವುದಿಲ್ಲ. ವಾಹನಗಳ ಹೊಗೆಯ ಮೇಲೆ ಬಿಸಿಲು ಬಿದ್ದಾಗ ನೆಲದ ಬಳಿಯ ಗಾಳಿಯಲ್ಲಿ ಓಜೋನ್ ಉಂಟಾಗುತ್ತದೆ. ಕಲ್ಲಿದ್ದಲು ಉರಿದಾಗ ಗಂಧಕದ ಡೈಆಕ್ಸೈಡು ಹೊರಬೀಳುತ್ತದೆ. ಈ ವಿಷಾನಿಲಗಳೂ ಪತ್ರರಂಧ್ರದ ಬಾಗಿಲಿನಿಂದಲೇ ಒಳಬಂದು, ಎಲೆಯಲ್ಲಿ ಅದೇ ಉಗ್ರ ಆಮ್ಲಜನಕವನ್ನು ಹೆಚ್ಚಿಸುತ್ತವೆ. ಶತ್ರುವಿನ ಮೇಲೆ ಎತ್ತಿದ ಕತ್ತಿ ಮನೆಯವರನ್ನೇ ಕಡಿಯತೊಡಗಿದಂತೆ ಆಗುತ್ತದೆ. ಆಗ ಗಿಡವು ಸೂಪರಾಕ್ಸೈಡ್ ಡಿಸ್ಮ್ಯುಟೇಸ್ ಮೊದಲಾದ ಕಿಣ್ವಗಳಿಂದಲೂ, ನೆಲ್ಲಿಕಾಯಿಯಲ್ಲಿ ಹೇರಳವಾಗಿರುವ ಸಿ ಜೀವಸತ್ವದಿಂದಲೂ ಆ ಉಗ್ರತೆಯನ್ನು ಶಮನಗೊಳಿಸುತ್ತದೆ. ಗಂಧಕದ ವಿಷವನ್ನು ನಿರಪಾಯವಾದ ಸಲ್ಫೇಟಾಗಿ ಮಾರ್ಪಡಿಸುತ್ತದೆ. ಕಳಸದ ಕಾಫಿಗೆ ಹೊಗೆಗಿಂತ ಬೇಸಗೆಯ ಭಯವೇ ಹೆಚ್ಚು. ಜನವರಿಯಿಂದ ಮಾರ್ಚಿಯವರೆಗೆ ನೆಲ ಒಣಗಿದಾಗ ಆಬ್ಸಿಸಿಕ್ ಆಮ್ಲದ ಸಂದೇಶ ತಲುಪಿ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ, ನೀರು ಉಳಿಯುತ್ತದೆ. ಆದರೆ ಬಾಗಿಲು ಮುಚ್ಚಿದ ಎಲೆಗೆ ಇಂಗಾಲದ ಡೈಆಕ್ಸೈಡು ಇಲ್ಲ. ಮೇಲಿನಿಂದ ಸುರಿಯುವ ಬೆಳಕನ್ನು ಬಳಸಲಾರದೆ ಎಲೆ ಒಳಗೊಳಗೇ ಬೇಯುತ್ತದೆ. ಹೆಮ್ಮರಗಳ ನೆರಳನ್ನು ಕಡಿದ ತೋಟದ ಎಲೆ ಬೇಸಗೆಯಲ್ಲಿ ಹಳದಿಯಾಗುವುದು ಇದರಿಂದ. ಹೂಮಳೆಗಾಗಿ ಕಾಯುವ ಮೊಗ್ಗುಗಳಿಗೆ ಆ ನೆರಳು ಆಸರೆ.

ಕೋಲ್ಮನ್ನರು 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಮರಳಿದರು. ಅಧಿಕಾರ ಹೋದರೂ ಸೂಕ್ಷ್ಮದರ್ಶಕವನ್ನು ಬಿಡಲಿಲ್ಲ. ಸಸ್ಯಕೋಶದ ವರ್ಣತಂತುಗಳನ್ನು ಕುರಿತು ವೃದ್ಧಾಪ್ಯದಲ್ಲಿಯೂ ಲೇಖನಗಳನ್ನು ಪ್ರಕಟಿಸಿದರು. 1954ರಲ್ಲಿ ಅವರು ಕಾಲವಶರಾದರು.

ಬಾಳೆಹೊನ್ನೂರಿನ ಕೆಲಸ ನಿಲ್ಲಲಿಲ್ಲ. ಅರೇಬಿಕ ಕಾಫಿಯು ಲೈಬೀರಿಕ ಎಂಬ ಕಾಡುಜಾತಿಯೊಡನೆ ತಾನಾಗಿಯೇ ಬೆರೆತು ಹುಟ್ಟಿದ್ದ ಗಿಡದ ಸಂತತಿಯನ್ನು ಕೆಂಟ್ಸ್ ತಳಿಯೊಡನೆ ಕೂಡಿಸಿ, 1940ರ ದಶಕದಲ್ಲಿ ಎಸ್. 795 ಎಂಬ ತಳಿಯನ್ನು ಅಲ್ಲಿ ರೂಪಿಸಿದರು. ಕೇಂದ್ರವು ಕಾಫಿ ಮಂಡಳಿಯ ಕೈಗೆ ಬಂದುದೂ ಆ ದಶಕದಲ್ಲೇ. ಲೈಬೀರಿಕದಿಂದ ಬಂದ ನಿರೋಧಕ ಗುಣ ಹಲವು ವರ್ಷ ತೋಟಗಳನ್ನು ಕಾಯಿತು. ಆಮೇಲೆ ಅದನ್ನು ಮುರಿಯುವ ತುಕ್ಕಿನ ಪಂಗಡಗಳೂ ಹುಟ್ಟಿಕೊಂಡವು. 1985ರಲ್ಲಿ ಕಾವೇರಿ, 2007ರಲ್ಲಿ ಚಂದ್ರಗಿರಿ ಎಂಬ ತಳಿಗಳು ಬಿಡುಗಡೆಯಾದವು. ಕಳಸದ ಸುತ್ತಿನ ಹಳೆಯ ತೋಟಗಳಲ್ಲಿ ಎಸ್. 795ರ ಗಿಡಗಳು ಇನ್ನೂ ಫಲ ಕೊಡುತ್ತಿವೆ. ಮುಂಗಾರಿಗೆ ಮುನ್ನ ಅವುಗಳ ಎಲೆಯ ಅಡಿಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುತ್ತಾರೆ. ಪಕ್ಕದ ಕಣಿವೆಯಲ್ಲಿ ಅದೇ ವಾರ ಮರ ಹತ್ತಿದವನ ಕೈಯ ಕೊಳವೆಯಿಂದ ಅಡಿಕೆಯ ಗೊನೆಗಳಿಗೂ ಆ ನೀಲಿ ನೀರು ಬೀಳುತ್ತದೆ.